ಹೊಂಡದ ಹೂಳಿನಲ್ಲಿ ಹನ್ನೆರಡು ಭೂಕಂಪ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಊರಿನಲ್ಲಿ ಮನೆ ಕೊಳ್ಳಲು ಹೊರಟವರ ಕೈಗೆ ಬರುವ ಕಾಗದಪತ್ರಗಳ ಕಟ್ಟಿನಲ್ಲಿ ನೈಸರ್ಗಿಕ ಅಪಾಯಗಳ ಕುರಿತ ಒಂದು ಹೇಳಿಕೆಯೂ ಇರುತ್ತದೆ. ಮನೆ ನೆರೆ ಬರುವ ಜಾಗದಲ್ಲಿದೆಯೇ, ಕಾಳ್ಗಿಚ್ಚಿನ ಭಯವಿದೆಯೇ, ಭೂಕಂಪ ತರುವ ಸ್ತರಭಂಗದ, ಅಂದರೆ ನೆಲ ಸೀಳಿ ಸರಿಯುವ ಬಿರುಕಿನ, ವಲಯದೊಳಗಿದೆಯೇ ಎಂದು ಕೇಳಿ, ಒಂದೊಂದಕ್ಕೂ ಹೌದು ಅಥವಾ ಇಲ್ಲ ಎಂದು ಗುರುತು ಹಾಕಿರುತ್ತಾರೆ. ಮಾರುವವರು ಇದನ್ನು ಮುಚ್ಚಿಡುವಂತಿಲ್ಲ, ಕಾನೂನು ಹಾಗಿದೆ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಈ ಊರಿನಲ್ಲಿ ಕಂಪ್ಯೂಟರ್ ಕೆಲಸಕ್ಕೆಂದು ಹೋಗಿ ನೆಲೆನಿಂತ ಕನ್ನಡ ಕುಟುಂಬಗಳೂ ಇವೆ. ಹಾಳೆಯನ್ನು ಓದಿದವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಹಾಗಾದರೆ ಭೂಕಂಪ ಯಾವಾಗ? ಹಾಳೆ ಅದಕ್ಕೆ ಉತ್ತರ ಕೊಡುವುದಿಲ್ಲ. ಅದು ಹೇಳುವುದು ಎಲ್ಲಿ ಎಂಬುದನ್ನು ಮಾತ್ರ. ಓದಿದವರಿಗೆ ಇದು ಅರ್ಧ ಉತ್ತರದಂತೆ, ವಿಜ್ಞಾನಿಗಳು ಜಾರಿಕೊಂಡಂತೆ ಕಾಣಬಹುದು. ಹಳೆಯ ಭೂಕಂಪಗಳನ್ನು ನೆಲದಿಂದ ಅಗೆದು ತೆಗೆಯುವ ಶಾಸ್ತ್ರದ ಮೇಲೆ ಇರುವ ದೊಡ್ಡ ದೂರೂ ಇದೇ: ಇಷ್ಟೆಲ್ಲ ಅಗೆದು, ಇಷ್ಟೆಲ್ಲ ಲೆಕ್ಕ ಹಾಕಿ, ಕೊನೆಗೆ ತಾರೀಖು ಹೇಳಲಾಗದಿದ್ದರೆ ಏನು ಫಲ? ಈ ದೂರು ತಪ್ಪು ಜಾಗದಲ್ಲಿ ನಿಂತಿದೆ ಎಂಬುದು ನನ್ನ ವಾದ. ಆ ಶಾಸ್ತ್ರ ನಿಜವಾಗಿ ಕೊಡುವುದು ಎರಡು ಸಂಗತಿಗಳನ್ನು: ನೆಲ ಎಲ್ಲಿ ಸೀಳುತ್ತದೆ, ಸೀಳಿದರೆ ಎಷ್ಟು ಸರಿಯುತ್ತದೆ. ಊರು ಕಟ್ಟುವವರಿಗೆ, ಕೊಳವೆ ಹಾಕುವವರಿಗೆ, ಕಾನೂನು ಬರೆಯುವವರಿಗೆ ತಾರೀಖಿಗಿಂತ ಹೆಚ್ಚು ಬೇಕಾದದ್ದು ಇವೇ.

ಫ್ರೀಮಾಂಟ್‌ನ ಅಡಿಯಲ್ಲಿ ಹಾದುಹೋಗುವ ಸ್ತರಭಂಗದ ಹೆಸರು ಹೇವರ್ಡ್. ಪೆಸಿಫಿಕ್ ಭೂಫಲಕ ಉತ್ತರ ಅಮೆರಿಕದ ಫಲಕವನ್ನು ಉಜ್ಜಿಕೊಂಡು ವಾಯವ್ಯಕ್ಕೆ ಜರುಗುತ್ತಿದೆ. ಆ ಜರುಗಾಟದ ದೊಡ್ಡ ಪಾಲನ್ನು ಪ್ರಸಿದ್ಧವಾದ ಸ್ಯಾನ್ ಆಂಡ್ರಿಯಾಸ್ ಹೊತ್ತುಕೊಂಡರೆ, ಕೊಲ್ಲಿಯ ಪೂರ್ವದಲ್ಲಿರುವ ಹೇವರ್ಡ್ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಪಾಲನ್ನು ಹೊರುತ್ತದೆ. 1868ರ ಅಕ್ಟೋಬರ್ 21ರ ಬೆಳಿಗ್ಗೆ ಅದು ಕೊನೆಯ ಬಾರಿ ದೊಡ್ಡದಾಗಿ ಸೀಳಿತು. ತೀವ್ರತೆ 6.8ರಷ್ಟಿತ್ತೆಂದು ಅಂದಾಜು. ಸುಮಾರು ಮೂವತ್ತು ಮಂದಿ ಸತ್ತರು, ಹೇವರ್ಡ್ ಎಂಬ ಪುಟ್ಟ ಊರಿನಲ್ಲಿ ಹೆಚ್ಚುಕಡಿಮೆ ಎಲ್ಲ ಕಟ್ಟಡಗಳೂ ಜಖಂಗೊಂಡವು, ಸ್ಪೇನಿನ ಪಾದ್ರಿಗಳು ಕಟ್ಟಿಸಿದ್ದ ಮಿಷನ್ ಸ್ಯಾನ್ ಹೊಸೆಯ ಹಸಿ ಇಟ್ಟಿಗೆಯ ಚರ್ಚು ಕುಸಿಯಿತು. ಆ ಕಾಲದ ಜನ ಇದನ್ನೇ ಸ್ಯಾನ್‌ಫ್ರಾನ್ಸಿಸ್ಕೊದ ಮಹಾಭೂಕಂಪ ಎಂದು ಕರೆಯುತ್ತಿದ್ದರು. ಆದರೆ 1906ರಲ್ಲಿ ಅದಕ್ಕಿಂತ ಬಹಳ ದೊಡ್ಡದೊಂದು ಬಂದು ಆ ಬಿರುದನ್ನು ಕಿತ್ತುಕೊಂಡಿತು. 1868 ಜನರ ಬಾಯಿಂದ ಜಾರಿಹೋಯಿತು. ಮರೆವಿಗೆ ಬರೀ ಕಾಲವೇ ಕಾರಣವಲ್ಲ. 1906ರ ಅನಾಹುತವನ್ನು ತನಿಖೆ ಮಾಡಿದ ಆಂಡ್ರ್ಯೂ ಲಾಸನ್ ಅವರ ಆಯೋಗ 1908ರ ತನ್ನ ವರದಿಯಲ್ಲಿ ಒಂದು ಮಾತನ್ನು ದಾಖಲಿಸಿತು: 1868ರ ಭೂಕಂಪದ ಮೇಲೆ ಸಮಿತಿಯೊಂದು ವಿವರ ಕಲೆಹಾಕಿತ್ತು, ಊರಿನ ಹೆಸರು ಕೆಡುತ್ತದೆಂಬ ಅಂಜಿಕೆಯಿಂದ ಅದು ಬೆಳಕು ಕಾಣಲಿಲ್ಲ. ಹಾಗೆಯೇ ನಡೆಯಿತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆಯಿದ್ದರೂ, ಜಾಗದ ಬೆಲೆ ಬೀಳುವ ಭಯಕ್ಕೆ ನೆಲದ ಸುದ್ದಿಯನ್ನು ಅದುಮಿಡುವ ಪದ್ಧತಿ ಎಲ್ಲ ಊರಿನಲ್ಲೂ ಇದೆ, ಅಲ್ಲೂ ಇದ್ದಿರಬೇಕು.

ಬರೆದಿಟ್ಟದ್ದು ಮರೆಯಾಗುವುದು ಒಂದು ತೊಂದರೆಯಾದರೆ, ಬರೆದಿಟ್ಟದ್ದು ತಪ್ಪಾಗಿರುವುದು ಇನ್ನೊಂದು. 1836ರಲ್ಲಿ ಆ ಭಾಗದಲ್ಲಿ ಒಂದು ಭೂಕಂಪವಾಗಿತ್ತು. ಅದೂ ಹೇವರ್ಡ್‌ನದೇ ಎಂದು ದಶಕಗಳ ಕಾಲ ಪುಸ್ತಕಗಳು ಹೇಳಿದವು. ಹಾಗಿದ್ದರೆ 1836 ಮತ್ತು 1868ರ ನಡುವೆ ಅಂತರ ಕೇವಲ 32 ವರ್ಷ, ಅಪಾಯದ ಲೆಕ್ಕವೇ ಬೇರೆಯಾಗುತ್ತದೆ. 1998ರಲ್ಲಿ ಸಂಶೋಧಕರಾದ ಟೊಪ್ಪೊಜಾಡ ಮತ್ತು ಬೋರ್ಚಾರ್ಟ್ ಮೂಲ ದಾಖಲೆಗಳನ್ನು ಮತ್ತೆ ತಿರುವಿಹಾಕಿ, ಆ ಕಂಪವನ್ನು ಹೇವರ್ಡ್‌ಗೆ ಅಂಟಿಸಲು ಆಧಾರವಿಲ್ಲವೆಂದು ತೋರಿಸಿದರು. ಇನ್ನು ಬರವಣಿಗೆ ಶುರುವಾಗುವುದಕ್ಕೂ ಹಿಂದಿನ ಮಾತೇನು? ಸ್ಪೇನಿನವರು ಕೊಲ್ಲಿಯ ದಂಡೆಗೆ ಬಂದು ನೆಲೆಸಿದ್ದು 1776ರಲ್ಲಿ. ಅಲ್ಲಿನ ಲಿಖಿತ ನೆನಪಿಗೆ ಇನ್ನೂರೈವತ್ತು ವರ್ಷದ ವಯಸ್ಸು. ಅದರಲ್ಲಿ ಹೇವರ್ಡ್‌ನ ದೊಡ್ಡ ಭೂಕಂಪ ಒಂದೇ ಒಂದು. ಒಂದು ಘಟನೆಯಿಂದ ಯಾವ ಅಂತರವನ್ನೂ ಎಣಿಸಲಾಗದು.

ಚಿಕ್ಕ ನೆನಪಿನ ಮೇಲೆ ದೊಡ್ಡ ನಂಬಿಕೆ ಕಟ್ಟಿದರೆ ಏನಾಗುತ್ತದೆಂದು ತೋರಿಸಲು ಕರ್ನಾಟಕದ ಗಡಿಗೆ ಬಂದರೂ ಸಾಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ಬೀದರ್, ಕಲಬುರಗಿಯ ಜನರೂ ಎದ್ದು ಹೊರಗೆ ಓಡಿದ್ದರು. ಗಡಿಯಾಚೆ ಲಾತೂರು, ಉಸ್ಮಾನಾಬಾದ್ ಹಳ್ಳಿಗಳಲ್ಲಿ ಹತ್ತು ಸಾವಿರದ ಆಸುಪಾಸು ಜನ ಸತ್ತರು. ಆ ದಿನದವರೆಗೆ ದೇಶದ ಭೂಕಂಪ ನಕಾಶೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೆಯ ವಲಯದಲ್ಲಿ, ಅಂದರೆ ಅತಿ ಕಡಿಮೆ ಅಪಾಯದ ಪಟ್ಟಿಯಲ್ಲಿ. ಅದಕ್ಕೂ ಹಿಂದೆ 1967ರಲ್ಲಿ ಕೊಯ್ನಾದ ಭೂಕಂಪ ಕೂಡ ಇಂಥದೇ ಸುರಕ್ಷಿತ ಪಟ್ಟಿಯಿಂದ ಎದ್ದು ಬಂದಿತ್ತು. ಆಮೇಲೆ ಒಂದನೆಯ ವಲಯವೆಂಬುದನ್ನೇ ನಕಾಶೆಯಿಂದ ತೆಗೆದುಹಾಕಿದರು. 2002ರಿಂದ ನಮ್ಮಲ್ಲಿ ಪಟ್ಟಿ ಶುರುವಾಗುವುದೇ ಎರಡರಿಂದ. ಕಿಲ್ಲಾರಿಯಲ್ಲಿ ಅಗೆದು ನೋಡಿದವರಲ್ಲಿ, ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಕೆಲಸ ಮಾಡಿದ ಕುಸಲಾ ರಾಜೇಂದ್ರನ್ ಮತ್ತು ಸಿ.ಪಿ. ರಾಜೇಂದ್ರನ್ ದಂಪತಿಯೂ ಇದ್ದರು. ಹಳೆಯ ಕಾಲದ ಬಿರುಕೊಂದು ಮತ್ತೆ ಜಾರಿದ್ದು ಇದು ಎಂಬುದು ಅವರು ಮುಂದಿಟ್ಟ ವಿವರಣೆ. ಜಪಾನಿನ ಕಥೆ ಇದಕ್ಕಿಂತ ಕಹಿ, ಯಾಕೆಂದರೆ ಅಲ್ಲಿ ಅಗೆದು ನೋಡಿಯೂ ಆಗಿತ್ತು. ಸೆಂಡಾಯ್ ಬಯಲಿನ ಗದ್ದೆಗಳ ಕೆಳಗೆ, ಸಮುದ್ರದಿಂದ ಕಿಲೋಮೀಟರುಗಟ್ಟಲೆ ಒಳಗೆ, ಕ್ರಿ.ಶ. 869ರ ಜೋಗನ್ ಸುನಾಮಿ ತಂದು ಹರಡಿದ ಮರಳಿನ ಪದರವನ್ನು ಸಂಶೋಧಕರು ಗುರುತಿಸಿದ್ದರು. 2009ರಲ್ಲಿ ಸರ್ಕಾರಿ ಸಭೆಯೊಂದರಲ್ಲಿ ಭೂವಿಜ್ಞಾನಿ ಯುಕಿನೊಬು ಒಕಾಮುರಾ, ಫುಕುಶಿಮಾ ಅಣುಸ್ಥಾವರದ ಸುರಕ್ಷತೆಯ ಲೆಕ್ಕದಲ್ಲಿ ಜೋಗನ್ ಯಾಕಿಲ್ಲವೆಂದು ಕೇಳಿದ್ದರು. 2011ರ ಮಾರ್ಚ್ 11ರಂದು ಸಮುದ್ರವು ಅದೇ ಬಯಲಿನ ಮೇಲೆ ಮತ್ತೆ ಏರಿಬಂತು. ತಾರೀಖನ್ನು ಯಾರೂ ಹೇಳಿರಲಿಲ್ಲ. ನೀರು ಎಲ್ಲಿಯವರೆಗೆ ಬರಬಲ್ಲದು ಎಂಬುದನ್ನು ಮಾತ್ರ ಮಣ್ಣು ಮೊದಲೇ ಹೇಳಿತ್ತು.

ಫ್ರೀಮಾಂಟ್‌ಗೆ ಮರಳೋಣ. ಊರ ನಡುವೆ, ಬಾರ್ಟ್ ರೈಲು ನಿಲ್ದಾಣದ ಪಕ್ಕದಲ್ಲೇ, ಟೈಸನ್ಸ್ ಲಗೂನ್ ಎಂಬ ಜೌಗು ಹೊಂಡವಿದೆ. ಸ್ತರಭಂಗದ ಗೆರೆ ಅಲ್ಲಿ ನೇರವಾಗಿ ಹೋಗದೆ ಒಂದು ಎಳೆಯಿಂದ ಇನ್ನೊಂದಕ್ಕೆ ದಾಟಿಕೊಳ್ಳುತ್ತದೆ, ನಡುವಿನ ನೆಲ ತುಸು ತುಸುವೇ ಕುಸಿಯುತ್ತ ಬಂದು ಹೊಂಡವಾಗಿದೆ. ಹಳೆಯ ಭೂಕಂಪ ಹುಡುಕುವವರಿಗೆ ಇಂಥ ತಗ್ಗು ಸಿಕ್ಕರೆ ನಿಧಿ ಸಿಕ್ಕಂತೆ. ಬೆಟ್ಟದ ಇಳಿಜಾರಿನಲ್ಲಿ ಮಳೆ ಗುರುತುಗಳನ್ನು ತೊಳೆದುಬಿಡುತ್ತದೆ. ತಗ್ಗಿನಲ್ಲಾದರೆ ಪ್ರತಿ ಮಳೆಗಾಲವೂ ಒಂದು ತೆಳುವಾದ ಹೂಳನ್ನು ತಂದು ಹಳೆಯದನ್ನು ಮುಚ್ಚಿ ಕಾಪಾಡುತ್ತದೆ. ನೀರು ಇಳಿದ ಬೇಸಿಗೆಯಲ್ಲಿ ಯಂತ್ರ ತರಿಸಿ ಸ್ತರಭಂಗಕ್ಕೆ ಅಡ್ಡಲಾಗಿ ಆಳವಾದ ಕಂದಕ ತೋಡುತ್ತಾರೆ, ಗೋಡೆ ಕುಸಿಯದಂತೆ ಲೋಹದ ಆಧಾರ ಕೊಡುತ್ತಾರೆ. ಯಂತ್ರದ ಹಲ್ಲುಗಳು ಬಳಿದ ಮಣ್ಣನ್ನು ಕರಣೆಯಿಂದ ಹೆರೆದು ಗೋಡೆಯನ್ನು ಚೊಕ್ಕಟ ಮಾಡಿದ ಮೇಲೆ ಪದರಗಳು ಎದ್ದು ಕಾಣುತ್ತವೆ: ಬೂದುಬಣ್ಣದ ಜೇಡಿ, ಕೊಳೆತ ಗಿಡಗಳ ಕಪ್ಪು ಪಟ್ಟಿ, ಮತ್ತೆ ಜೇಡಿ, ನಡುವೆ ಎಲ್ಲೋ ಒಂದಿಷ್ಟು ಜಲ್ಲಿ. ಗೋಡೆಯುದ್ದಕ್ಕೂ ಮೊಳೆ ಹೊಡೆದು ದಾರ ಕಟ್ಟಿ ಚೌಕಗಳನ್ನು ಮಾಡಿ, ಒಂದೊಂದು ಪದರದ ಅಂಚಿಗೂ ಬಣ್ಣದ ಗುಂಡುಸೂಜಿ ಚುಚ್ಚಿ, ಚೌಕ ಚೌಕವಾಗಿ ಕಾಗದಕ್ಕೆ ಇಳಿಸುವುದೇ ಮುಖ್ಯ ಕೆಲಸ. ಸಿನಿಮಾದಲ್ಲಿ ತೋರಿಸುವಂಥ ರೋಮಾಂಚನ ಇದರಲ್ಲಿ ಇಲ್ಲ. ಸರ್ವೆ ಇಲಾಖೆಯವರ ತಾಳ್ಮೆ ಬೇಕು.

ಈ ಗೋಡೆಯಲ್ಲಿ ಭೂಕಂಪವನ್ನು ಓದುವುದು ಹೇಗೆ? ವರ್ಷವರ್ಷವೂ ಸುಣ್ಣ ಬಳಿದ ಹಳೆಯ ಗೋಡೆಯನ್ನು ನೆನೆಸಿಕೊಳ್ಳಿ. ಬಿರುಕು ಒಳಗಿನ ಐದು ಕೋಟುಗಳನ್ನು ಸೀಳಿ, ಹೊರಗಿನ ಮೂರನ್ನು ಮುಟ್ಟದೆ ನಿಂತಿದ್ದರೆ, ಗೋಡೆ ಬಿಟ್ಟದ್ದು ಐದನೆಯ ಸುಣ್ಣದ ನಂತರ, ಆರನೆಯದಕ್ಕೆ ಮೊದಲು ಎಂದು ಯಾರು ಬೇಕಾದರೂ ಹೇಳಬಹುದು. ಹೂಳಿನ ಪದರಗಳಲ್ಲಿಯೂ ತರ್ಕ ಇದೇ. ಜೊತೆಗೆ ಬೇರೆ ಸಾಕ್ಷಿಗಳೂ ಸಿಗುತ್ತವೆ. ನೆಲ ಬಾಯಿಬಿಟ್ಟ ಕಡೆ ಮೇಲಿನ ಮಣ್ಣು ಒಳಗೆ ಸುರಿದು ತುಂಬಿಕೊಂಡಿರುತ್ತದೆ. ಒಂದು ಪಕ್ಕ ಎದ್ದು ನಿಂತ ಮೆಟ್ಟಿಲಿನ ಅಂಚು ಉದುರಿ ಬುಡದಲ್ಲಿ ಬೆಣೆಯಾಕಾರದ ರಾಶಿಯಾಗಿರುತ್ತದೆ. ಇಂಥ ಒಂದು ಗುರುತು ಇದ್ದರೆ ಅನುಮಾನಿಸಬೇಕು, ಎರಡು ಮೂರು ಒಂದೇ ಮಟ್ಟದಲ್ಲಿ ಕೂಡಿದರೆ ನಂಬಬಹುದು. ಕಾಲ ನಿಗದಿಗೆ ಆ ಮಟ್ಟದ ಮೇಲೆ ಕೆಳಗೆ ಸಿಗುವ ಬೀಜ, ಇದ್ದಿಲಿನ ಚೂರುಗಳನ್ನು ರೇಡಿಯೊಕಾರ್ಬನ್ ಪರೀಕ್ಷೆಗೆ ಕಳಿಸುತ್ತಾರೆ. ಇಲ್ಲಿ ಮೋಸವೂ ಉಂಟು: ಇದ್ದಿಲು ನೂರಾರು ವರ್ಷ ಬದುಕಿದ ಮರದ ಒಳತಿರುಳಿನದಾಗಿದ್ದರೆ, ಅದು ಪದರಕ್ಕಿಂತ ಶತಮಾನಗಳಷ್ಟು ಹಳೆಯದು. ಒಂದೇ ಋತುವಿನಲ್ಲಿ ಹುಟ್ಟಿ ಉದುರುವ ಬೀಜ ಹೆಚ್ಚು ಪ್ರಾಮಾಣಿಕ. ಕಳೆದ ಮುನ್ನೂರು ವರ್ಷಗಳ ಮಟ್ಟಿಗಂತೂ ರೇಡಿಯೊಕಾರ್ಬನ್ ಸ್ಪಷ್ಟ ಉತ್ತರ ಕೊಡುವುದಿಲ್ಲ. ಅಲ್ಲಿ ನೆರವಿಗೆ ಬರುವುದು ಪರಾಗ. ಸ್ಪೇನಿನವರ ದನಕರುಗಳ ಜೊತೆ ಯುರೋಪಿನ ಕಳೆಗಿಡಗಳೂ ಕ್ಯಾಲಿಫೋರ್ನಿಯಾಕ್ಕೆ ಬಂದವು. ಅವುಗಳ ಪರಾಗ ಇರುವ ಪದರ ಅವರು ಬಂದ ಮೇಲಿನದು, ಇಲ್ಲದ್ದು ಬರುವ ಮೊದಲಿನದು. ಕಳೆಗಿಡವೊಂದು ಚರಿತ್ರೆಗೆ ಸಾಕ್ಷಿ ನುಡಿಯುವುದು ಹೀಗೆ.

ಟೈಸನ್ಸ್ ಲಗೂನ್‌ನಲ್ಲಿ ಭೂವಿಜ್ಞಾನಿಗಳಾದ ಜಿಮ್ ಲೀನ್‌ಕೆಂಪರ್, ಪ್ಯಾಟ್ರಿಕ್ ವಿಲಿಯಮ್ಸ್ ಮತ್ತು ಜೊತೆಗಾರರು ಅನೇಕ ಬೇಸಿಗೆಗಳಲ್ಲಿ ಅಗೆದು, 2010ರ ಹೊತ್ತಿಗೆ ಸುಮಾರು 1900 ವರ್ಷಗಳಲ್ಲಿ ಹನ್ನೆರಡು ದೊಡ್ಡ ಭೂಕಂಪಗಳನ್ನು ಗುರುತಿಸಿದರು. ಸರಾಸರಿ ಅಂತರ 161 ವರ್ಷ, ಅತ್ತಿತ್ತ 65. ಕೊನೆಯ ಐದರ ಅಂದಾಜು ಇಸವಿಗಳು 1315, 1470, 1630, 1725 ಮತ್ತು 1868. ಇವುಗಳ ಸರಾಸರಿ ಅಂತರ 140ರ ಹತ್ತಿರ. 1868ರಿಂದ ಈಚೆಗೆ ಒಂದೂವರೆ ಶತಮಾನ ದಾಟಿದೆ. ಪತ್ರಿಕೆಗಳ ತಲೆಬರಹ ಬರೆಯುವವರಿಗೆ ಇಷ್ಟು ಸಾಕು: ಅವಧಿ ಮುಗಿದಿದೆ, ಇಂದೋ ನಾಳೆಯೋ ಬಂತು! ಆದರೆ ಆ 65 ಎಂಬ ಅಂಕಿಯನ್ನು ಬಿಟ್ಟು ಓದಿದರೆ ಮಾತ್ರ ಇಂಥ ತಲೆಬರಹ ಹುಟ್ಟುತ್ತದೆ. 161ಕ್ಕೆ 65 ಕೂಡಿಸಿ, 65 ಕಳೆದರೆ ಸಿಗುವುದು 96ರಿಂದ 226 ವರ್ಷಗಳ ಹರವು; ಅದರಾಚೆ ಈಚೆಗೂ ಕೆಲವು ಅಂತರಗಳು ಬೀಳಬಹುದು. ಮೇಲಿನ ಐದು ಇಸವಿಗಳಲ್ಲೇ 1630 ಮತ್ತು 1725ರ ನಡುವಣ ಅಂತರ 95, 1470 ಮತ್ತು 1630ರ ನಡುವಿನದು 160. ನಾಳೆ ಬಂದರೂ ಅದು ಸಹಜ, ಇನ್ನೂ ಐವತ್ತು ವರ್ಷ ಬರದಿದ್ದರೂ ಸಹಜವೇ.

ಆಕ್ಷೇಪಿಸುವವರು ಎದ್ದು ನಿಲ್ಲುವುದೂ ಇಲ್ಲಿಯೇ. ಇಷ್ಟು ಸಡಿಲ ಅಂಕಿಯಿಂದ ಪ್ರಯೋಜನವೇನು? ಅವರ ಕೈಯಲ್ಲಿ ಬಲವಾದ ಉದಾಹರಣೆಯೂ ಇದೆ: ಪಾರ್ಕ್‌ಫೀಲ್ಡ್. ಸ್ಯಾನ್ ಆಂಡ್ರಿಯಾಸ್‌ನ ಮೇಲಿನ ಈ ಪುಟ್ಟ ಊರಿನಲ್ಲಿ 1857, 1881, 1901, 1922, 1934, 1966ರಲ್ಲಿ ಸರಿಸುಮಾರು ಒಂದೇ ಗಾತ್ರದ ಭೂಕಂಪಗಳಾಗಿದ್ದವು, ಸರಾಸರಿ 22 ವರ್ಷಕ್ಕೊಂದು. ಮುಂದಿನದು 1988ರ ಸುತ್ತಮುತ್ತ, 1993ರೊಳಗೆ ಬಹುತೇಕ ಖಂಡಿತ ಎಂದು ವಿಜ್ಞಾನಿಗಳು 1985ರಲ್ಲಿ ಹೇಳಿದರು. ಸರ್ಕಾರ ಅದನ್ನು ಒಪ್ಪಿಕೊಂಡಿತು. ಊರಿನ ಸುತ್ತ ಉಪಕರಣಗಳ ಕಾವಲು ಬಿತ್ತು. 1993 ಬಂತು, ಹೋಯಿತು. ಭೂಕಂಪ ಬಂದದ್ದು 2004ರ ಸೆಪ್ಟೆಂಬರ್ 28ರಂದು. ಇದನ್ನು ಸೋಲು ಎಂದು ಬರೆದವರೇ ಹೆಚ್ಚು, ತಾರೀಖಿನ ಮಟ್ಟಿಗೆ ಅದು ಸೋಲೇ ಹೌದು. ಆದರೆ 2004ರ ಭೂಕಂಪವನ್ನು ಹತ್ತಿರದಿಂದ ನೋಡಿ: ತೀವ್ರತೆ 6.0, ಹಿಂದಿನವುಗಳಷ್ಟೇ, ಸೀಳಿದ್ದು ಸ್ತರಭಂಗದ ಅದೇ ತುಂಡು. ಮೂರು ಮಾತುಗಳಲ್ಲಿ ಒಂದು ಸುಳ್ಳಾಯಿತು, ಎರಡು ನಿಜವಾದವು, ಸುಳ್ಳಾದದ್ದು ಕಾಲ, ನಿಜವಾದವು ಜಾಗ ಮತ್ತು ಗಾತ್ರ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇರೆ ಕಾಣುವುದಿಲ್ಲ. ಕಾಲದ ವಿಷಯದಲ್ಲಿ ಸ್ತರಭಂಗಗಳ ಸ್ವಭಾವವೇ ಒಂದೊಂದಕ್ಕೆ ಒಂದೊಂದು. ನ್ಯೂಜಿಲೆಂಡಿನ ಆಲ್ಪೈನ್ ಸ್ತರಭಂಗ ಹೊಕುರಿ ಹೊಳೆಯ ದಂಡೆಯಲ್ಲಿ ಎಂಟು ಸಾವಿರ ವರ್ಷಗಳಲ್ಲಿ ಇಪ್ಪತ್ನಾಲ್ಕು ಬಾರಿ ಸೀಳಿದ ಗುರುತು ಇದೆ, ಹೆಚ್ಚುಕಡಿಮೆ 330 ವರ್ಷಕ್ಕೊಮ್ಮೆ, ತಕ್ಕಮಟ್ಟಿಗೆ ಕ್ರಮವಾಗಿ. ಲಾಸ್ ಏಂಜಲೀಸ್‌ನ ಬೆಟ್ಟಗಳಾಚೆ ಪ್ಯಾಲೆಟ್ ಕ್ರೀಕ್‌ನಲ್ಲಿ ಭೂವಿಜ್ಞಾನಿ ಕೆರ್ರಿ ಸೀ 1970ರ ದಶಕದಲ್ಲಿ ಅಗೆಯಲು ಶುರುಮಾಡಿದ ಕಂದಕಗಳಲ್ಲಿ ಕಂಡದ್ದೇ ಬೇರೆ: ಸರಾಸರಿ 132 ವರ್ಷ ಬಂದರೂ, ಭೂಕಂಪಗಳು ಗುಂಪುಗುಂಪಾಗಿ ಬಂದಿದ್ದವು. ಗುಂಪಿನೊಳಗೆ ನೂರು ವರ್ಷಕ್ಕಿಂತ ಕಡಿಮೆ ಅಂತರ, ಗುಂಪು ಗುಂಪುಗಳ ನಡುವೆ ಇನ್ನೂರು ಮುನ್ನೂರು ವರ್ಷಗಳ ಮೌನ. ಅಲ್ಲಿನ ಕೊನೆಯ ಎರಡು 1812 ಮತ್ತು 1857ರವು. ಗಡಿಯಾರದಂತೆ ನಡೆಯುವ ಸ್ತರಭಂಗ ಯಾವುದು, ಗುಂಪು ಕಟ್ಟುವುದು ಯಾವುದು ಎಂಬುದೂ ಅಗೆದರೆ ಮಾತ್ರ ತಿಳಿಯುವ ವಿಷಯ. ಉಪಗ್ರಹದ ಜಿಪಿಎಸ್ ಮಾಪನ ಒತ್ತಡ ಎಷ್ಟು ವೇಗದಲ್ಲಿ ತುಂಬುತ್ತಿದೆ ಎಂದೀತು, ಅದನ್ನು ನೆಲ ಹಿಂದೆ ಹೇಗೆ ಖಾಲಿ ಮಾಡಿಕೊಂಡಿತ್ತೆಂದು ಹೇಳಲಾರದು.

ಇನ್ನೊಂದು ಆಕ್ಷೇಪ ಹೇವರ್ಡ್‌ಗೇ ವಿಶಿಷ್ಟವಾದದ್ದು. ಈ ಸ್ತರಭಂಗ ಭೂಕಂಪವಿಲ್ಲದೆಯೂ ನಿಧಾನವಾಗಿ ತೆವಳುತ್ತದೆ. ಹೇವರ್ಡ್ ಪೇಟೆಯ ರೋಸ್ ಮತ್ತು ಪ್ರಾಸ್ಪೆಕ್ಟ್ ಬೀದಿಗಳು ಕೂಡುವಲ್ಲಿ ಫುಟ್‌ಪಾತಿನ ಕಾಂಕ್ರೀಟ್ ಅಂಚು ಸೀಳಿ, ಎರಡು ತುದಿಗಳು ವರ್ಷದಿಂದ ವರ್ಷಕ್ಕೆ ಒಂದನ್ನೊಂದು ದಾಟಿ ದೂರವಾಗುತ್ತಿದ್ದುದನ್ನು ಭೂವಿಜ್ಞಾನಿಗಳು ದಶಕಗಳ ಕಾಲ ಫೋಟೊ ತೆಗೆದು ಗಮನಿಸಿದ್ದರು. 2016ರಲ್ಲಿ ನಗರಸಭೆಯವರು ಗಾಲಿಕುರ್ಚಿಗೆ ಅನುಕೂಲವಾಗಲೆಂದು ಆ ಮೂಲೆಯನ್ನು ಕಿತ್ತು ಹೊಸದಾಗಿ ಮಾಡಿಬಿಟ್ಟರು. ಅಲ್ಲೊಂದು ಪ್ರಸಿದ್ಧ ಅಳತೆಗೋಲು ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಅವರನ್ನು ದೂರಲಾಗದು, ರಸ್ತೆ ರಿಪೇರಿ ಅವರ ಕೆಲಸ. ಸರಿ, ಹೀಗೆ ತೆವಳುತ್ತಲೇ ಇದ್ದರೆ ಒತ್ತಡ ತಾನಾಗಿ ಕರಗಿಹೋಗುವುದಿಲ್ಲವೇ? ಲೆಕ್ಕ ಹಾಗೆ ಹೇಳುವುದಿಲ್ಲ. ಮೇಲ್ಮೈಯಲ್ಲಿ ತೆವಳುವುದು ಬಹುಪಾಲು ಕಡೆ ವರ್ಷಕ್ಕೆ 4–5 ಮಿಲಿಮೀಟರ್. ಫಲಕಗಳು ಕೇಳುತ್ತಿರುವುದು 9. ಕೆಲವು ಕಿಲೋಮೀಟರ್ ಆಳದಲ್ಲಿ ಸ್ತರಭಂಗದ ದೊಡ್ಡ ಭಾಗ ಬಿಗಿಯಾಗಿ ಕಚ್ಚಿಕೊಂಡೇ ಇದೆ. 9 ಮಿಲಿಮೀಟರನ್ನು ಸರಾಸರಿ ಅಂತರದ 161ರಿಂದ ಗುಣಿಸಿದರೆ ಸುಮಾರು ಒಂದು ಮೀಟರ್ ನಲವತ್ತೈದು ಸೆಂಟಿಮೀಟರ್ ಬರುತ್ತದೆ. ಕಚ್ಚಿಕೊಂಡ ಭಾಗ ಬಿಟ್ಟುಕೊಂಡಾಗ ನೆಲ ತೀರಿಸಬೇಕಾದ ಬಾಕಿಯ ಅಂದಾಜು ಇದು. ಎಲ್ಲಕ್ಕಿಂತ ಸರಳವಾದ ಉತ್ತರ ಕಂದಕದಲ್ಲೇ ಇದೆ: ತೆವಳುವ ಈ ಸ್ತರಭಂಗವೇ ಹನ್ನೆರಡು ಬಾರಿ ಸೀಳಿದೆ.

ಕಂದಕಕ್ಕೆ ಕಾಣದಿರುವುದೂ ಇದೆ, ಅದನ್ನು ಒಪ್ಪಿಕೊಳ್ಳಬೇಕು. ನೆಲದ ಮೇಲೆ ಬಿರುಕು ಬಿಡದ ಭೂಕಂಪವನ್ನು ಹೂಳು ಬರೆದಿಡುವುದಿಲ್ಲ. 1994ರಲ್ಲಿ ಲಾಸ್ ಏಂಜಲೀಸ್‌ನ ನಾರ್ತ್‌ರಿಜ್ ಅನ್ನು ಕೆಡವಿದ ಸ್ತರಭಂಗ ಆಳದಲ್ಲೇ ಅಡಗಿತ್ತು. 2001ರಲ್ಲಿ ಕಛ್‌ನ ಭುಜ್ ಭೂಕಂಪ ಅಷ್ಟು ದೊಡ್ಡದಾಗಿದ್ದರೂ ಮುಖ್ಯ ಸ್ತರಭಂಗ ಮೇಲ್ಮೈಯನ್ನು ಸೀಳಿ ಹೊರಬರಲಿಲ್ಲ. ಹತ್ತಿರ ಹತ್ತಿರ ಬಂದ ಎರಡು ಭೂಕಂಪಗಳು ಒಂದೇ ಪದರದಲ್ಲಿ ಬೆರೆತು ಒಂದಾಗಿ ಕಾಣಲೂಬಹುದು. ಆದರೆ ಈ ಕೊರತೆಗಳು ಯಾವ ದಿಕ್ಕಿಗೆ ಎಳೆಯುತ್ತವೆ ನೋಡಿ. ಪಟ್ಟಿಯಲ್ಲಿ ಇಲ್ಲದ ಭೂಕಂಪಗಳು ಇದ್ದಿರಬಹುದು ಎನ್ನುತ್ತವೆ, ಇರುವುದೆಲ್ಲ ಸುಳ್ಳು ಎನ್ನುವುದಿಲ್ಲ. ಹನ್ನೆರಡು ಎಂಬುದನ್ನು ಕನಿಷ್ಠ ಲೆಕ್ಕವೆಂದು ಹಿಡಿದರೆ, ಅಪಾಯವನ್ನು ತಳ್ಳಿಹಾಕಲು ಇದರಲ್ಲಿ ಸಮಾಧಾನವೇನೂ ಸಿಗದು. ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆ ಕಂದಕಗಳ ಸಾಕ್ಷ್ಯ, ಜಿಪಿಎಸ್, ಉಪಕರಣಗಳ ದಾಖಲೆ ಎಲ್ಲವನ್ನೂ ಸೇರಿಸಿ, 2014ರಿಂದ ಮೂವತ್ತು ವರ್ಷಗಳಲ್ಲಿ ಹೇವರ್ಡ್ ಮತ್ತು ಅದರ ಉತ್ತರದ ಮುಂದುವರಿಕೆಯ ಮೇಲೆ 6.7 ಅಥವಾ ಅದಕ್ಕೂ ದೊಡ್ಡ ಭೂಕಂಪದ ಸಂಭವವನ್ನು ನೂರಕ್ಕೆ 33 ಎಂದು ಇಟ್ಟಿತು. ಮೂವತ್ತು ವರ್ಷ ಎಂದರೆ ಅಲ್ಲಿ ಒಂದು ಗೃಹಸಾಲದ ಅವಧಿ. ಮೂರರಲ್ಲಿ ಒಂದು ಎಂಬ ಸಂಭವವನ್ನು ಅಸ್ಪಷ್ಟ ಎಂದು ಬದಿಗಿಡುವವರು ವಿಮೆ ಮಾಡಿಸುವುದನ್ನೂ ಬಿಡಬೇಕಾಗುತ್ತದೆ.

ಜಾಗ ಮತ್ತು ಪ್ರಮಾಣ ತಿಳಿದರೆ ಏನು ಮಾಡಬಹುದು ಎಂಬುದಕ್ಕೆ ಬರೋಣ. 1971ರ ಸ್ಯಾನ್ ಫರ್ನಾಂಡೊ ಭೂಕಂಪದಲ್ಲಿ ಸ್ತರಭಂಗ ಮನೆಗಳ ಅಡಿಯಲ್ಲೇ ಸೀಳಿದ ಮೇಲೆ ಕ್ಯಾಲಿಫೋರ್ನಿಯಾ 1972ರಲ್ಲಿ ಆಲ್‌ಕ್ವಿಸ್ಟ್–ಪ್ರಿಯೊಲೊ ಕಾನೂನು ತಂದಿತು. ಸಕ್ರಿಯ ಸ್ತರಭಂಗದ ಗೆರೆಯ ಮೇಲೆ ಜನ ವಾಸಿಸುವ ಹೊಸ ಕಟ್ಟಡ ಎಬ್ಬಿಸುವಂತಿಲ್ಲ, ಸಾಮಾನ್ಯವಾಗಿ ಐವತ್ತು ಅಡಿ ಬಿಡಬೇಕು. ಸಕ್ರಿಯ ಎಂದರೆ ಸುಮಾರು 11,700 ವರ್ಷಗಳೊಳಗೆ ಮೇಲ್ಮೈ ಸೀಳಿದ್ದು. ಸೀಳಿದೆಯೋ ಇಲ್ಲವೋ ಎಂದು ತೋರಿಸುವ ಹೊಣೆ ಕಟ್ಟುವವರದು; ಹಾಗಾಗಿ ಅಲ್ಲಿ ಸಂಶೋಧನೆಗಿಂತ ಕಟ್ಟಡದ ಪರವಾನಗಿಗಾಗಿ ತೋಡುವ ಕಂದಕಗಳೇ ಹೆಚ್ಚು, ಈ ಶಾಸ್ತ್ರ ಒಂದು ಕಸುಬಾಗಿಯೂ ಬೆಳೆದಿದೆ. ಕಾನೂನಿಗೆ ಸಂದುಗಳಿವೆ. ನಾಲ್ಕಕ್ಕಿಂತ ಕಡಿಮೆ ಮನೆಗಳ ಯೋಜನೆಯಲ್ಲಿ ಎರಡು ಅಂತಸ್ತಿನವರೆಗಿನ ಮರದ ಒಂಟಿ ಮನೆಗೆ ವಿನಾಯಿತಿ ಇದೆ, 1972ಕ್ಕೂ ಹಿಂದಿನ ಕಟ್ಟಡಗಳು ಗೆರೆಯ ಮೇಲೆಯೇ ಉಳಿದಿವೆ. ಬರ್ಕ್ಲಿ ವಿಶ್ವವಿದ್ಯಾಲಯದ 1923ರ ಕ್ರೀಡಾಂಗಣವಂತೂ ಒಂದು ಗೋಲಿನಿಂದ ಇನ್ನೊಂದು ಗೋಲಿಗೆ ಹೇವರ್ಡ್‌ನ ಮೇಲೆಯೇ ಕೂತಿದೆ. ಇಂಥ ಹಳೆಯ ಕಟ್ಟಡಕ್ಕೆ ಅದರ ಬೆಲೆಯ ಅರ್ಧಕ್ಕಿಂತ ಹೆಚ್ಚು ಖರ್ಚಿನ ಬದಲಾವಣೆ ಮಾಡಬಾರದು, ಹಾಗಾದರೆ ಬೆಲೆ ಎಷ್ಟು ಎಂಬ ಜಗಳ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ 32 ಕೋಟಿ ಡಾಲರ್ ಸುರಿದು 2012ರ ಹೊತ್ತಿಗೆ ಅದನ್ನು ಮತ್ತೆ ಕಟ್ಟಿದಾಗ, ಗೆರೆಯ ಮೇಲಿನ ಭಾಗಗಳನ್ನು ಉಳಿದ ಕಟ್ಟಡದಿಂದ ಬೇರ್ಪಡಿಸಿ, ನೆಲ ಜಾರಿದರೆ ತಾವೇ ತಿರುಗಿಕೊಳ್ಳುವ ಸ್ವತಂತ್ರ ತುಂಡುಗಳನ್ನಾಗಿ ಮಾಡಿದರು. ಫುಟ್ಬಾಲ್ ಮೈದಾನವನ್ನು ಬೇರೆ ಕಡೆಗೆ ಒಯ್ಯುವುದಕ್ಕಿಂತ ಇದೇ ಸುಲಭವೆಂದು ಅವರಿಗೆ ಕಂಡಿತು! ಫ್ರೀಮಾಂಟ್‌ನ ಕೊಳವೆಗಳ ಕೆಲಸ ಇದಕ್ಕಿಂತ ವಿವೇಕದ್ದು. ಯೊಸೆಮಿಟಿಯ ಹೆಚ್ ಹೆಚಿ ಜಲಾಶಯದಿಂದ ಸ್ಯಾನ್‌ಫ್ರಾನ್ಸಿಸ್ಕೊ ಸೀಮೆಯ ಸುಮಾರು 27 ಲಕ್ಷ ಜನರಿಗೆ ನೀರು ತರುವ ದೊಡ್ಡ ಕೊಳವೆಗಳು ಅಲ್ಲಿ ಹೇವರ್ಡ್ ಅನ್ನು ದಾಟಲೇಬೇಕು. ಹೊಸದಾಗಿ ಕಟ್ಟಿದ ನೆಲದಡಿಯ ಕೋಣೆಯಲ್ಲಿ ಕೊಳವೆಗೆ ಗೋಲಾಕಾರದ ಕೀಲುಗಳನ್ನೂ, ಒಂದರೊಳಗೊಂದು ಜಾರುವ ಜೋಡಣೆಯನ್ನೂ ಇಟ್ಟಿದ್ದಾರೆ. ನೆಲ ಎರಡು ಮೀಟರ್‌ನಷ್ಟು ಸರಿದರೂ ನೀರು ನಿಲ್ಲದಿರಲಿ ಎಂಬ ಲೆಕ್ಕ. ಭೂಕಂಪ ಈ ವರ್ಷ ಬರುತ್ತದೋ ಐವತ್ತು ವರ್ಷಕ್ಕೋ ಎಂದು ಆ ಎಂಜಿನಿಯರುಗಳು ತಿಳಿಯಬೇಕಾಗಿರಲಿಲ್ಲ. ಎಷ್ಟು ಮೀಟರ್ ಎಂಬುದು ತಿಳಿಯದಿದ್ದರೆ ಮಾತ್ರ ನಕ್ಷೆಯನ್ನೇ ಬರೆಯಲಾಗುತ್ತಿರಲಿಲ್ಲ.

ಇಷ್ಟಾದರೂ ಒಂದು ಅಸಮತೋಲ ಉಳಿಯುತ್ತದೆ. ಜಾಗದ ಕಾನೂನು ಗೆರೆಯ ಅಕ್ಕಪಕ್ಕದ ಐವತ್ತು ಅಡಿಯನ್ನು ಕಾಯುತ್ತದೆ, ಭೂಕಂಪ ಕೊಲ್ಲುವುದು ಮಾತ್ರ ಬಹುಪಾಲು ಗೆರೆಯಿಂದ ದೂರದಲ್ಲಿ, ಅಲುಗಾಟದಿಂದ. 1989ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಸತ್ತ 63 ಮಂದಿಯಲ್ಲಿ 42 ಮಂದಿ ಸತ್ತದ್ದು ಕೇಂದ್ರದಿಂದ ಸುಮಾರು 90 ಕಿಲೋಮೀಟರ್ ದೂರದ ಓಕ್ಲೆಂಡ್‌ನಲ್ಲಿ, ಮೆತ್ತನೆಯ ಕೆಸರು ಮಣ್ಣಿನ ಮೇಲೆ ಕಟ್ಟಿದ್ದ ಎರಡಂತಸ್ತಿನ ಹೆದ್ದಾರಿ ಕುಸಿದು. ಹೇವರ್ಡ್‌ನಲ್ಲಿ 7.0ರ ಭೂಕಂಪವಾದರೆ ಎಂದು ಊಹಿಸಿ 2018ರಲ್ಲಿ ಭೂಸರ್ವೇಕ್ಷಣಾ ಸಂಸ್ಥೆ ಹಾಕಿದ ಲೆಕ್ಕದಲ್ಲಿ ಸುಮಾರು 800 ಸಾವುಗಳಿವೆ. ಅಲುಗಾಟಕ್ಕೆ ಮೊದಲು ಬೀಳುವಂಥ ಕಟ್ಟಡಗಳಲ್ಲಿ ಒಂದು ಬಗೆ ಅಲ್ಲಿ ಎಲ್ಲರಿಗೂ ಗೊತ್ತು: ಕೆಳಗೆ ಕಾರು ನಿಲ್ಲಿಸಲು ಖಾಲಿ ಬಿಟ್ಟು, ಮೇಲೆ ಮೂರ್ನಾಲ್ಕು ಅಂತಸ್ತು ಎಬ್ಬಿಸಿದ ಹಳೆಯ ಮರದ ಅಪಾರ್ಟ್‌ಮೆಂಟುಗಳು. ಇವುಗಳಿಗೆ ಕೆಳಗಿನಿಂದ ಬಲ ಕೊಡುವುದನ್ನು ಸ್ಯಾನ್‌ಫ್ರಾನ್ಸಿಸ್ಕೊ 2013ರಲ್ಲಿ ಕಡ್ಡಾಯ ಮಾಡಿತು, ಬರ್ಕ್ಲಿಯೂ ಅದೇ ಹೊತ್ತಿಗೆ ಮಾಡಿತು, ಸ್ತರಭಂಗ ಊರೊಳಗೇ ಹಾದುಹೋಗುವ ಓಕ್ಲೆಂಡ್ ಅದೇ ನಿರ್ಧಾರಕ್ಕೆ ಬಂದದ್ದು 2019ರಲ್ಲಿ. ಹೂಳಿನೊಳಗಿನ ಹನ್ನೆರಡು ಭೂಕಂಪಗಳ ಲೆಕ್ಕ ಪ್ರಕಟವಾಗಿ ಅಷ್ಟರಲ್ಲಿ ಒಂಬತ್ತು ವರ್ಷ ಕಳೆದಿತ್ತು. ತಡವಾದದ್ದು ವಿಜ್ಞಾನ ಅಸ್ಪಷ್ಟವಾಗಿತ್ತೆಂದಲ್ಲ. ಬಲಪಡಿಸುವ ಖರ್ಚನ್ನು ಮಾಲೀಕರು ಕೊಡಬೇಕೋ, ಬಾಡಿಗೆಗೆ ಸೇರಿಸಿ ಬಾಡಿಗೆದಾರರಿಂದ ವಸೂಲು ಮಾಡಬೇಕೋ ಎಂಬ ಚೌಕಾಸಿಯಲ್ಲಿ ಕಾಲ ಹೋಯಿತು. ಆ ಪ್ರಶ್ನೆಗೆ ಎಷ್ಟು ಆಳ ಅಗೆದರೂ ಮಣ್ಣಿನಲ್ಲಿ ಉತ್ತರವಿಲ್ಲ. ಅದು ನಗರಸಭೆಯ ಮೇಜಿನ ಮೇಲೆ ತೀರ್ಮಾನವಾಗಬೇಕಾದದ್ದು, ಕೊನೆಗೂ ತೀರ್ಮಾನವಾದದ್ದು ಬಾಡಿಗೆದಾರರ ತಲೆಯ ಮೇಲೂ ಒಂದು ಪಾಲನ್ನು ಹೊರಿಸಿ.